ಅಳಗುಳಿ ಮಣೆಯ ಡಿಸ್ಕು

ನನ್ನ ವಯಸ್ಸಿನ ಸರ್ಕಾರಿ ನೌಕರಳೊಬ್ಬಳು ವಿಡಿಯೊ ಗೇಮ್ ಆಡುತ್ತಾಳೆ ಎಂದರೆ ಜನ ನಗುತ್ತಾರೆ. ಕಂಪ್ಯೂಟರಿನಲ್ಲಿ ತಾನೇ ಗೇಮ್ ಬರೆಯುತ್ತಾಳೆ ಎಂದರೆ ನಂಬುವುದೇ ಇಲ್ಲ. ಹಗಲೆಲ್ಲ ಯಳಂದೂರಿನ ಕಚೇರಿಯಲ್ಲಿ ಕೂತು ಅರ್ಜಿ ನೋಡುವ ನಾನು, ಸಂಜೆ ಕೊಳ್ಳೇಗಾಲದ ಮನೆಗೆ ಬಂದು ಕಾಫಿ ಕುಡಿದ ಮೇಲೆ ಬೇರೆಯದೇ ಹೆಂಗಸು. ಭಾವ ಎಂದೋ ದುಬೈನಿಂದ ತಂದುಕೊಟ್ಟ ಗೇಮ್ ಪೆಟ್ಟಿಗೆಯೊಂದು ನಮ್ಮ ಟೀವಿಯ ಪಕ್ಕದಲ್ಲಿದೆ. ತಯಾರಿಸಿದವರೇ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಆದರೆ ನಾವೇ ಬರೆದ ಆಟವನ್ನು ಸರಿಯಾದ ಕ್ರಮದಲ್ಲಿ ಖಾಲಿ ಸೀಡಿಗೆ ಇಳಿಸಿ ಒಳಗಿಟ್ಟರೆ, ಅಂಗಡಿಯಿಂದ ತಂದ ಡಿಸ್ಕಿನ ಹಾಗೆಯೇ ಅದು ಓಡಿಸುತ್ತದೆಯಂತೆ. ಇದು ಗೊತ್ತಾದ ಸಂಜೆ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ಯಾವ ಆಟ ಬರೆಯುವುದು ಎಂದು ಯೋಚಿಸಬೇಕಾಗಿರಲಿಲ್ಲ. ಶಾಗ್ಯದಲ್ಲಿ ನನ್ನ ಸೋದರತ್ತೆ ಪುಟ್ಟತಾಯಮ್ಮ ಇದ್ದಾಳೆ. ಮೊದಲೆಲ್ಲ ಅವಳ ಮನೆ ಜಗಲಿಯಲ್ಲಿ ಮಧ್ಯಾಹ್ನವೆಂದರೆ ಅಳಗುಳಿ ಮಣೆ. ಎರಡು ಸಾಲು ಗುಳಿಗಳ ಆ ಮಣೆಯ ಮೇಲೆ ಹುಣಸೆ ಬೀಜ ಹಂಚುತ್ತಾ ಹೋಗುವ ಅವಳ ಕೈಯನ್ನು ಕಣ್ಣಿಗೆ ಹಿಂಬಾಲಿಸಲಾಗುತ್ತಿರಲಿಲ್ಲ. ಎದುರಾಳಿ ಲೆಕ್ಕ ಹಾಕುವಷ್ಟರಲ್ಲಿ ಬೀಜವೆಲ್ಲ ಅತ್ತೆಯ ಮಡಿಲಲ್ಲಿರುತ್ತಿತ್ತು. ಆಮೇಲೆ ಕೀಲುನೋವು ಬಂತು. ಬೆರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಸೊಟ್ಟಗಾದವು, ಬೀಜ ಹಿಡಿಯಲಾಗದೆ ಜಾರತೊಡಗಿತು. “ನಾ ಎತ್ತಾಕ್ತೀನಿ, ಯಾವ್ ಗುಳಿ ಅಂತ ನೀ ಹೇಳತ್ತೆ” ಎಂದು ನಾನೇ ಕೂತು ನೋಡಿದೆ.

“ಇನ್ನೊಬ್ರ ಕೈಲಿ ಉಣ್ಣಬೈದು, ಆಡಕ್ಕಾಯ್ತದಾ ಮಗ?” ಎಂದಳು. ಮಣೆ ಅಟ್ಟ ಸೇರಿತು. ಆಡಲು ಬರುತ್ತಿದ್ದ ಪಕ್ಕದ ಮನೆ ಚಿನ್ನಮ್ಮನೂ ಬರುವುದು ಬಿಟ್ಟಳು.

ಫೋನಿನಲ್ಲಿ ಆಡಿಸಿ ನೋಡಿದ್ದೆ. ಅತ್ತೆಯ ಬೆರಳು ಒಂದು ಕಡೆ ಮುಟ್ಟಿದರೆ ಪರದೆ ಇನ್ನೊಂದು ಕಡೆ ತೆರೆದುಕೊಳ್ಳುತ್ತಿತ್ತು. ನನ್ನ ಪೆಟ್ಟಿಗೆಯ ಕಂಟ್ರೋಲರ್ ಹಾಗಲ್ಲ, ಸೌತೆಕಾಯಿಯಷ್ಟು ದಪ್ಪ. ಅಂಗೈಯಿಂದ ತಳ್ಳಬಹುದಾದ ಕಡ್ಡಿ, ಬೆರಳ ಗೆಣ್ಣಿನಿಂದ ಒತ್ತಬಹುದಾದ ಗುಂಡಿ. ಅವಳ ಮನೆಯ ಡಬ್ಬ ಟೀವಿಗೆ ವೈರೂ ಸರಿಹೊಂದುತ್ತದೆ. ಹಾಗಾಗಿ ಸಂಜೆ ಸಂಜೆ ಕೂತು ಬರೆದೆ. ಮೊದಲ ಸಲ ಕಂಪ್ಯೂಟರಿನಲ್ಲಿ ಬೀಜ ತಾನಾಗಿ ಗುಳಿಯಿಂದ ಗುಳಿಗೆ ಹಾರಿದಾಗ ನಾನು ಎದ್ದು ಅಡುಗೆಮನೆಯ ತನಕ ಹೋಗಿ, ಏನೂ ಕೆಲಸವಿಲ್ಲದೆ ವಾಪಸ್ ಬಂದೆ. ಕೂತಲ್ಲಿ ಕೂರಲಾಗಲಿಲ್ಲ, ಅಷ್ಟೇ.

ಖಾಲಿ ಸೀಡಿ ಹುಡುಕುವುದೇ ಒಂದು ಯಾತ್ರೆಯಾಯಿತು. ಕೊನೆಗೆ ಕೊಳ್ಳೇಗಾಲದಲ್ಲೇ, ಒಂದು ಕಾಲಕ್ಕೆ ಊರಿನ ಮದುವೆಗಳನ್ನೆಲ್ಲ ಸೀಡಿಗೆ ಇಳಿಸಿದ ಫೋಟೊ ಸ್ಟುಡಿಯೊದ ನಾಗಣ್ಣ ಕಪಾಟಿನ ತಳದಿಂದ ಒಂದು ಕಟ್ಟು ತೆಗೆದ. “ಈಗ ಎಲ್ರೂ ಪೆನ್‌ಡ್ರೈವೇ ಕೇಳಾದು ಕಣಕ್ಕ. ನಿಮ್ದ್ಯಾರ್ ಮದ್ವೆ?”

“ಮದುವೆ ಅಲ್ಲ ನಾಗಣ್ಣ, ಅಳಗುಳಿ ಮಣೆ.”

ಅವನು ನನ್ನನ್ನೊಮ್ಮೆ ನೋಡಿ, ಹಳೆಯ ಕಂಪ್ಯೂಟರಿನ ಧೂಳು ಒರೆಸಿದ. ನನ್ನ ಆಟ ಇಳಿಸಿಕೊಂಡ ಡಿಸ್ಕ್ ತಿರುಗಿ ಹೊರಬಂತು.

ಮನೆಗೆ ಬಂದು ಪೆಟ್ಟಿಗೆಗೆ ಹಾಕಿದೆ. ಕಂಪನಿಯ ಗುರುತು ಬಂತು, ಸುತ್ತಿತು, ಆಮೇಲೆ ಹಾಡು ಕೇಳುವ ಪರದೆ ತೆರೆದುಕೊಂಡಿತು. ನನ್ನ ಅಷ್ಟೂ ಸಂಜೆಗಳನ್ನು ಅದು ಹಾಡಿನ ಸೀಡಿ ಎಂದುಕೊಂಡಿತ್ತು. ಇನ್ನೊಂದು ಡಿಸ್ಕ್ ಮಾಡಿಸಿದೆ. ಮತ್ತೆ ಅದೇ.

ಕಾರಣ ಹೊಳೆದದ್ದು ಕಚೇರಿಯಲ್ಲಿ. ಡಿಸ್ಕಿನ ಶುರುವಿನಲ್ಲಿ ಒಂದು ಸಣ್ಣ ತಲೆಬರಹವಿರುತ್ತದೆ. ಯಾವ ಫೈಲನ್ನು ಓಡಿಸಬೇಕು ಎಂಬ ಹೆಸರು ಅದರಲ್ಲಿರುತ್ತದೆ. ಪೆಟ್ಟಿಗೆ ಆ ಹೆಸರನ್ನೇ ಹುಡುಕಿಕೊಂಡು ಹೋಗುತ್ತದೆ. ಅವತ್ತು ನನ್ನೆದುರು ಒಬ್ಬ ಯಜಮಾನರು ನಿಂತಿದ್ದರು. ಅವರ ಹೆಸರು ಒಂದು ಕಾಗದದಲ್ಲಿ ಮಾದೇವ, ಇನ್ನೊಂದರಲ್ಲಿ ಮಹದೇವ. “ಎರಡೂ ನಾನೇ ಕಣವ್ವ” ಎಂದು ಅವರು ಹೇಳುತ್ತಿದ್ದರೆ, ನಾನು ಎಂದಿನಂತೆ “ಹೆಸರು ತಾಳೆಯಾಗ್ತಿಲ್ಲ ಯಜಮಾನ್ರೇ” ಎನ್ನುತ್ತಿದ್ದೆ. ಹಾಗೆನ್ನುತ್ತಲೇ ನಾಲಗೆ ಅಲ್ಲೇ ನಿಂತಿತು. ನಮ್ಮವ್ವ ಅಳಿಗುಳಿ ಎನ್ನುತ್ತಿದ್ದಳು, ಅತ್ತೆ ಅಳಗುಳಿ ಎನ್ನುತ್ತಾಳೆ. ತಲೆಬರಹದಲ್ಲಿ ಅತ್ತೆಯ ಉಚ್ಚಾರ ಬರೆದು, ಫೈಲಿಗೆ ಅವ್ವನ ಉಚ್ಚಾರದ ಹೆಸರಿಟ್ಟಿದ್ದೆ. ಒಂದೇ ಅಕ್ಷರದ ವ್ಯತ್ಯಾಸ. ಪೆಟ್ಟಿಗೆ ನನಗಿಂತ ಕಟ್ಟುನಿಟ್ಟಿನ ಗುಮಾಸ್ತ. ಯಜಮಾನರನ್ನು ಕೂರಿಸಿ, ನೀರು ಕೊಟ್ಟು, ಅವರ ತಿದ್ದುಪಡಿ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಅವರಿಗೆ ಆಶ್ಚರ್ಯವಾಗಿರಬೇಕು.

ಮೂರನೆಯ ಡಿಸ್ಕ್ ಓಡಿತು. ಕಂಪನಿಯ ಗುರುತು ಹೋಗಿ, ಒಂದು ಕ್ಷಣ ಕತ್ತಲಾಗಿ, ಮರದ ಬಣ್ಣದ ಮಣೆ ಪರದೆ ತುಂಬ ಹರಡಿಕೊಂಡಿತು. ಆಟ ಇನ್ನೂ ಅರೆಬರೆ, ಒಂದೇ ಸುತ್ತು, ಎದುರಾಳಿ ಯಂತ್ರವೇ. ಅದಕ್ಕೇ ಡಿಸ್ಕಿನ ಮೇಲೆ ಪೆನ್ನಿನಲ್ಲಿ ‘ಡೆಮೊ’ ಎಂದು ಬರೆದೆ. ಭಾನುವಾರ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹನೂರಿನ ಬಸ್ ಹತ್ತಿದೆ. ಹನೂರಿನಿಂದ ಶಾಗ್ಯಕ್ಕೆ ಆಟೊ.

ಅತ್ತೆ ಮೊದಲು ಕಂಟ್ರೋಲರನ್ನು ಮುಟ್ಟಲೇ ಇಲ್ಲ. ಆಮೇಲೆ ಕಡ್ಡಿಯನ್ನು ಅಂಗೈಯಿಂದ ಒಮ್ಮೆ ತಳ್ಳಿದಳು. ಗುಳಿಯೊಂದು ಬೆಳಗಿತು. ಗೆಣ್ಣಿನಿಂದ ಒತ್ತಿದಳು. ಬೀಜಗಳು ಸಾಲಾಗಿ ಹೊರಟವು. ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಯಂತ್ರದ ಗುಳಿಗಳನ್ನೆಲ್ಲ ತೊಳೆದಿಟ್ಟಂತೆ ಖಾಲಿ ಮಾಡಿ ಅವಳು ಅದನ್ನು ಸೋಲಿಸಿದಳು. ನಾನು ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ಕೇಳಿದಳು: “ನಾ ಯಾರ್ನ ಸೋಲ್ಸುದ್ದು ಮಗ?”

“ಈ ಪೆಟ್ಟಿಗೇನ ಅತ್ತೆ.”

“ಸೋತೆ ಅಂತ ಅದ್ಕೆ ಗೊತ್ತಾಯ್ತಾ?”

ಗೊತ್ತಾಗುವುದಿಲ್ಲ. ನಾನು ಅದನ್ನು ಬರೆದಿರಲಿಲ್ಲ. ವಾಪಸ್ ಬರುವ ಬಸ್ಸಿನುದ್ದಕ್ಕೂ ನನಗೆ ಬೇಸರ ಬರಬೇಕಿತ್ತು. ಬಂದದ್ದು ಬಿಸಿ ಬಿಸಿ ಹುರುಪು. ಪೆಟ್ಟಿಗೆಯಲ್ಲಿ, ಭಾವ ಜೊತೆಗೇ ಕೊಟ್ಟಿದ್ದ ಎರಡನೆಯ ಕಂಟ್ರೋಲರಿಗೂ ಜಾಗವಿತ್ತಲ್ಲ! ಯಂತ್ರವನ್ನು ಆಟದಿಂದ ಎಬ್ಬಿಸಿ ಅಲ್ಲಿ ಮನುಷ್ಯರನ್ನು ಕೂರಿಸಿದರಾಯಿತು. ಮುಂದಿನ ಭಾನುವಾರದೊಳಗೆ ನಾಗಣ್ಣನ ಕಟ್ಟಿನಿಂದ ಇನ್ನೊಂದು ಸೀಡಿ ಖರ್ಚಾಯಿತು.

ಆ ಭಾನುವಾರ ಶಾಗ್ಯದಲ್ಲಿ ಚಿನ್ನಮ್ಮನನ್ನು ನಾನೇ ಹೋಗಿ ಕರೆತಂದೆ. ಅವಳ ತವರು ತಮಿಳು ಸೀಮೆ, ಅಲ್ಲಿ ಅಳಗುಳಿಗೆ ಬೇರೆ ಹೆಸರು. “ಪಲ್ಲಾಂಗುಳೀನ ಟೀವೀಲಿ ಆಡ್ತಾರಾ?” ಎನ್ನುತ್ತಾ ಕೂತವಳು ಮೊದಲ ಆಟ ಸೋತಳು. ಎರಡನೆಯದು ಸೋತಾಗ, ತನ್ನ ಕಡ್ಡಿ ಸರಿಯಿಲ್ಲ ಎಂದಳು. ಕಂಟ್ರೋಲರ್ ಅದಲು ಬದಲಾಯಿತು. ಮತ್ತೆ ಸೋತಳು. “ನಿನ್ ಅಣ್ಣನ ಮಗ್ಳು ಮಾಡಿರಾದಲ್ವಾ, ನಿನ್ ಕಡೀಕೇ ಬೀಜ ಬತ್ತವೆ” ಎಂದು ಗೊಣಗಿದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಭುಜ ಕುಲುಕುವಂತೆ ನಕ್ಕಳು. ಆ ನಗುವನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ತಲೆಬರಹದ ಕಥೆ ಹೇಳೋಣವೆಂದು ನಾನು ಬಾಯಿ ತೆರೆದೆ. ಅತ್ತೆ ಪರದೆಯಿಂದ ಕಣ್ಣು ತೆಗೆಯದೆ, “ಮಾತಾಡುಸ್ಬ್ಯಾಡ ಮಗ, ಲೆಕ್ಕ ತಪ್ತದೆ. ಓಗಿ ಟೀ ಕಾಸು, ಇಬ್ರುಗೂವೆ” ಎಂದಳು.

ಹೋಗಿ ಕಾಸಿದೆ. ಇಬ್ಬರಿಗೆ ಮಾತ್ರ.