ನಾಲ್ಕನೆಯ ಮೂಲೆಯ ನೀರು

ನಮ್ಮವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕುರ್ಚಿಯಣ್ಣ ಅಂತ. ಕಚೇರಿ, ಶಾಲೆ, ಲೈಬ್ರರಿ, ಆಸ್ಪತ್ರೆ, ಎಲ್ಲಿ ಕುರ್ಚಿಯ ಹೆಣಿಕೆ ಹರಿದರೂ ಕರೆ ಬರುತ್ತಿದ್ದದ್ದು ಇವರಿಗೇ. ಹಳೆಯದನ್ನು ಕತ್ತರಿಸಿ ತೆಗೆದು, ಪ್ಲಾಸ್ಟಿಕ್ ಪಟ್ಟಿಯನ್ನು ತೂತಿನಿಂದ ತೂತಿಗೆ ಎಳೆದು, ಹೊಸದಾಗಿ ಹೆಣೆದು ಕೊಡುವುದು ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಮೊದಲ ನಾಲ್ಕು ವರ್ಷ ನಾನು ಬರೀ ನೋಡಿದೆ. ಆಮೇಲೆ ನಾನೂ ಹೆಣೆದೆ. ನನ್ನ ಹೆಣಿಕೆ ಬಿಗಿ, ಅವರದು ಸ್ವಲ್ಪ ಸಡಿಲ. ಅದನ್ನು ಅವರು ಯಾವತ್ತೂ ಒಪ್ಪಿಕೊಳ್ಳಲಿಲ್ಲ.

"ನಿನ್ನ ಕುರ್ಚೀಲಿ ಕೂತ್ರೆ ಕಲ್ಲಿನ ಮೇಲೆ ಕೂತ ಹಾಗಿರುತ್ತೆ ಕಣೇ," ಅನ್ನುತ್ತಿದ್ದರು.

"ನಿಮ್ಮ ಕುರ್ಚೀಲಿ ಕೂತವರನ್ನ ಎಬ್ಬಿಸೋಕೆ ಇಬ್ಬರು ಬೇಕು," ಅನ್ನುತ್ತಿದ್ದೆ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ಒಂದು ಬೆಳಿಗ್ಗೆ, ಅಂಗಳದಲ್ಲಿ ಕೂತು ಪಟ್ಟಿ ಎಳೆಯುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇರಲಿಲ್ಲ. ಅಷ್ಟೇ. ಅರ್ಧ ಹೆಣೆದಿದ್ದ ಆ ಕುರ್ಚಿಯನ್ನು ಹದಿನೈದು ದಿನ ಬಿಟ್ಟು ನಾನೇ ಮುಗಿಸಿ ಕೊಟ್ಟೆ. ಆಮೇಲೂ ಕೆಲಸ ಬರುತ್ತಲೇ ಇತ್ತು. ನಾನು ಬೇಡ ಅನ್ನಲಿಲ್ಲ. ಕುರ್ಚಿ ತರುವುದು, ಮುಟ್ಟಿಸುವುದು ನಮ್ಮ ಹಳೆಯ ಕಾರಿನಲ್ಲಿ. ಓಡಿಸುವವಳು ಮಗಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಮನೆ ಎರಡು ಬೀದಿ ಆಚೆ. ರಜೆ ಇದ್ದ ದಿನ ಬಂದು, ಮುಖ ಗಂಟು ಹಾಕಿಕೊಂಡೇ ಓಡಿಸುತ್ತಿದ್ದಳು.

ಈ ವರ್ಷ ಮಳೆ ಶುರುವಾಗಿ ವಾರವಾಗಿರಲಿಲ್ಲ, ಕಾರಿನೊಳಗೆ ನೀರು. ಹಿಂದಿನ ಸೀಟಿನ ಕೆಳಗೆ ಕಾಲಿಟ್ಟರೆ ಕಾರ್ಪೆಟ್ಟು ಪಚಕ್ ಅನ್ನುತ್ತಿತ್ತು. ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು.

ಬುಧವಾರ ಮಗಳು ಬಂದು ನೋಡಿದಳು. "ಅಮ್ಮ, ಇದು ಕಾರಲ್ಲ, ಕೆರೆ. ಒಳಗೆಲ್ಲ ಬೂಷ್ಟು. ನನ್ನ ಮಗಳು ಇದರಲ್ಲಿ ಕೂತ್ರೆ ಮನೆ ಸೇರೋವರೆಗೂ ಸೀನ್ತಾಳೆ. ಗುಜರಿಯವನಿಗೆ ಹೇಳಿದೀನಿ. ಭಾನುವಾರ ಬಂದು ಎಳ್ಕೊಂಡು ಹೋಗ್ತಾನೆ."

"ಯಾರನ್ನ ಕೇಳಿ ಹೇಳ್ದೆ?"

"ನಿನ್ನ ಕೇಳಿದ್ರೆ ಬೇಡ ಅಂತೀಯ. ಅದಕ್ಕೇ ಕೇಳ್ಲಿಲ್ಲ."

"ಮತ್ತೆ ಕುರ್ಚಿ ಹೇಗೆ ಸಾಗಿಸ್ಲಿ? ತಲೆ ಮೇಲೆ ಹೊರಲಾ?"

"ಸಾಕು ಬಿಡಮ್ಮ ಕುರ್ಚಿ. ನಮ್ಮನೇಲಿ ಬಂದಿರು."

"ನಿಮ್ಮನೇಲಿ ಕೂತು ಏನ್ ಮಾಡ್ಲಿ? ನಿನ್ನ ಸೋಫಾ ಬಿಚ್ಚಿ ಹೆಣೀಲಾ?"

ಅವಳಿಗೆ ನಗು ಬಂತು, ತಡೆದುಕೊಂಡಳು. ಅಪ್ಪನ ಹಾಗೇ.

"ನೀರು ಬರೋದು ನಿಂತ್ರೆ?" ಅಂದೆ.

"ಮಳೆ ಸುರೀಬೇಕು, ಒಳಗೆ ಒಂದು ಹನಿ ಇರಬಾರದು. ನಾನೇ ಕಣ್ಣಾರೆ ನೋಡ್ಬೇಕು. ಆಗ ಇಟ್ಕೋ. ಇಲ್ಲಾಂದ್ರೆ ಭಾನುವಾರ," ಅಂದು ಹೋದಳು.

ನಾಲ್ಕು ದಿನ ಇತ್ತು.

ಆ ಕಾರು ಮೊದಲು ಒಬ್ಬ ಡಾಕ್ಟರದು. ಅವರ ಆಸ್ಪತ್ರೆಯ ಕುರ್ಚಿಗಳನ್ನೆಲ್ಲ ಇವರೇ ಹೆಣೆದಿದ್ದರು. ಡಾಕ್ಟರು ಹೊಸ ಕಾರು ತೆಗೆದುಕೊಂಡಾಗ ಹಳೆಯದು ನಮ್ಮ ಅಂಗಳಕ್ಕೆ ಬಂತು. ಅದರ ನೆತ್ತಿಯಲ್ಲಿ ಗಾಜಿನ ಕಿಟಕಿ ಇತ್ತು, ಗುಂಡಿ ಒತ್ತಿದರೆ ಹಿಂದಕ್ಕೆ ಸರಿಯುತ್ತಿತ್ತು. ಡಾಕ್ಟರು ಅದರಿಂದ ಆಕಾಶ ನೋಡುತ್ತಿದ್ದರೇನೋ. ನಮ್ಮವರು ಅದರಲ್ಲಿ ಕುರ್ಚಿ ತೂರಿಸಿದರು. ಉದ್ದ ಬೆನ್ನಿನ ಕುರ್ಚಿಗಳು ಒಳಗೆ ಹಿಡಿಯುತ್ತಿರಲಿಲ್ಲ. ತಲೆಕೆಳಗು ಮಾಡಿ ಇಟ್ಟು, ಕಾಲುಗಳನ್ನು ಕಿಟಕಿಯಿಂದ ಆಚೆ ಬಿಡುತ್ತಿದ್ದರು. ನಾಲ್ಕು ಕಾಲು ಮೇಲೆತ್ತಿಕೊಂಡು ಕಾರು ಹೋಗುತ್ತಿದ್ದರೆ ಬೀದಿಯ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದರು. ಕುರ್ಚಿ ಇಲ್ಲದ ದಿನ ಮಗಳು ಅಲ್ಲಿ ತಲೆ ಹೊರಗೆ ಹಾಕಿ ನಿಲ್ಲುತ್ತಿದ್ದಳು. ನಾನು ಕೆಳಗಿನಿಂದ ಅವಳ ಕಾಲು ಹಿಡಿದು ಕೂತಿರುತ್ತಿದ್ದೆ. ಇವರು ನಡೆದು ಹೋಗುವವರಿಗಿಂತ ನಿಧಾನ ಓಡಿಸುತ್ತಿದ್ದರು. "ರೀ, ಆ ಅಜ್ಜ ನಮ್ಮನ್ನ ದಾಟಿ ಹೋದ," ಅಂದರೆ, "ಅವನಿಗೆ ಅವಸರ ಇರಬೇಕು," ಅನ್ನುತ್ತಿದ್ದರು.

ಆ ಕಿಟಕಿಯ ಸುತ್ತ ಒಂದು ಸಣ್ಣ ಕಾಲುವೆ ಇದೆ. ಗಾಜಿನ ಅಂಚಿನಿಂದ ಇಳಿದ ಮಳೆನೀರು ಅದಕ್ಕೆ ಬೀಳುತ್ತದೆ. ನಾಲ್ಕು ಮೂಲೆಯಲ್ಲೂ ಒಂದೊಂದು ತೂತು, ಬಟಾಣಿಯಷ್ಟು. ತೂತಿನಿಂದ ರಬ್ಬರ್ ಪೈಪು ಕಾರಿನ ಮೈಯೊಳಗೇ ಇಳಿದು, ಚಕ್ರದ ಹತ್ತಿರ ನೀರನ್ನು ಹೊರಗೆ ಬಿಡುತ್ತದೆ. ತೂತು ಕಟ್ಟಿದರೆ ನೀರು ಒಳಗೆ. ಗೇಟಿನ ಪಕ್ಕದ ಮರದ ಎಲೆಪುಡಿ, ಧೂಳು, ನಮ್ಮದೇ ಪಟ್ಟಿಯ ಚೂರುಗಳು, ಎಲ್ಲ ಅಲ್ಲಿ ಸೇರುತ್ತಿದ್ದವು. ಅದಕ್ಕೇ ಪ್ರತಿ ವರ್ಷ ಮಳೆಗೆ ಮುಂಚೆ ಒಂದು ದಿನ ಆ ಕೆಲಸಕ್ಕೆ ಮೀಸಲು. ಈ ವರ್ಷ ಅದು ತಪ್ಪಿತ್ತು.

ಮೊದಲ ವರ್ಷ ಕಬ್ಬಿಣದ ತಂತಿ ಹಾಕಿ ಚುಚ್ಚಿದರು. ಗ್ಯಾರೇಜಿನವನು ನೋಡಿ ಬೇಡ ಅಂದ. "ಕುರ್ಚಿಯಣ್ಣ, ಪೈಪ್ ತೂತಾಗುತ್ತೆ. ಮೆತ್ತಗಿರೋದು ಏನಾದ್ರೂ ಹಾಕಿ."

"ನೀನು ಹುಟ್ಟೋಕೆ ಮುಂಚೆ ತೂತಿಗೆ ಪಟ್ಟಿ ಹಾಕಿದವನು ಕಣಯ್ಯ ನಾನು. ನನಗೆ ಹೇಳಿಕೊಡ್ತೀಯ?" ಅಂದರು ಇವರು. ಅವನು ಕೈ ಮುಗಿದು ಹೋದ.

ಮುಂದಿನ ವರ್ಷ ತಂತಿ ಮಾಯ. ಕುರ್ಚಿಯ ಪ್ಲಾಸ್ಟಿಕ್ ಪಟ್ಟಿ ತಂದರು. ಅದು ಬಾಗುತ್ತದೆ, ಚುಚ್ಚುವುದಿಲ್ಲ. ತಾವೇ ಕಂಡುಹಿಡಿದ ಹಾಗೆ ಹೇಳಿದರು. ನಾನು ಸ್ಟೂಲಿನ ಮೇಲೆ ನಿಂತು ಮಗ್ಗಿನಲ್ಲಿ ನೀರು ಹೊಯ್ಯಬೇಕು. ಅವರು ಚಕ್ರದ ಪಕ್ಕ ನೆಲದ ಮೇಲೆ ಮಲಗಿ ನೋಡುತ್ತಿದ್ದರು. ನೀರು ಹೊರಬಂದರೆ "ಬಂತು!" ಅಂತ ಕೂಗು. ಒಂದು ಮೂಲೆ, ಎರಡು ಮೂಲೆ, ಮೂರು ಮೂಲೆ. ನಾಲ್ಕನೆಯದಕ್ಕೆ, ಅಂದರೆ ಹಿಂದಿನ ಎಡಮೂಲೆಗೆ ಬಂದಾಗ, "ಹೋಗಿ ಟೀ ಮಾಡು, ಅದನ್ನ ನಾನು ನೋಡ್ಕೋತೀನಿ," ಅನ್ನುತ್ತಿದ್ದರು. ನನ್ನ ಕಾಲು ನೋಯುತ್ತದೆ ಅಂತ ಹೇಳುತ್ತಾರೆ ಅಂದುಕೊಂಡೆ. ಪ್ರತಿ ವರ್ಷವೂ ಹಾಗೇ ಅಂದುಕೊಂಡೆ.

ಗುರುವಾರ ನಾನೊಬ್ಬಳೇ ಶುರು ಮಾಡಿದೆ. ಕಾಲುವೆ ಒರೆಸಿದೆ. ಪಟ್ಟಿ ತೂರಿಸಿ, ತಿರುವಿ, ಎಳೆದೆ. ಕಪ್ಪು ಕೆಸರು ಬಂತು. ಹೊಯ್ಯುವವಳೂ ನಾನೇ, ನೋಡುವವಳೂ ನಾನೇ. ಹೊಯ್ದು ಸ್ಟೂಲಿನಿಂದ ಇಳಿದು ಬಗ್ಗುವ ಹೊತ್ತಿಗೆ ನೀರು ಬಂದು ಹೋಗಿರುತ್ತದೋ ಬಂದೇ ಇಲ್ಲವೋ ಗೊತ್ತಾಗದು. ಅದಕ್ಕೆ ನಾಲ್ಕು ಚಕ್ರದ ಹತ್ತಿರವೂ ಹಳೆಯ ಪೇಪರು ಹಾಸಿದೆ. ಎಲ್ಲ ಮೂಲೆಗೂ ಎರಡೆರಡು ಮಗ್ಗು ಹೊಯ್ದೆ. ಇಳಿದು ನೋಡಿದೆ. ಮೂರು ಪೇಪರು ಒದ್ದೆ. ಹಿಂದಿನ ಎಡಗಡೆಯದು ಒಣ.

ಮತ್ತೆ ಹೊಯ್ದೆ. ನೀರು ತೂತಿನಲ್ಲಿ ನಿಲ್ಲಲಿಲ್ಲ, ಸರಾಗವಾಗಿ ಇಳಿಯಿತು. ಕೆಳಗೆ ಮಾತ್ರ ಬರಲಿಲ್ಲ. ಇಳಿದ ನೀರು ಎಲ್ಲಿಗೆ ಹೋಗಬೇಕು? ಡಿಕ್ಕಿ ತೆಗೆದು ಕಿವಿಗೊಟ್ಟೆ. ಎಡಗಡೆ ಒಳಗಿನಿಂದ ತೊಟ್ಟಿಕ್ಕುವ ಸದ್ದು.

ಆ ಪಕ್ಕದ ರಟ್ಟಿನ ಹಲಗೆಗೆ ಎರಡು ತಿರುಪು. ಬಿಚ್ಚಿದೆ. ಒಳಗೆ ಐದು ಲೀಟರಿನ ಫಿನಾಯಿಲ್ ಕ್ಯಾನು, ಕತ್ತು ಕೊಯ್ದದ್ದು. ಅದು ಅಲ್ಲಾಡದ ಹಾಗೆ ಸುತ್ತ ಪಟ್ಟಿಯಲ್ಲಿ ತೊಟ್ಟಿಲು ಹೆಣೆದು ಕಾರಿನ ಮೈಗೆ ಕಟ್ಟಿತ್ತು. ಹೆಣಿಕೆ ಸಡಿಲ. ಅವರದೇ. ಕ್ಯಾನಿನ ಮೇಲೆ ರಬ್ಬರ್ ಪೈಪಿನ ತುದಿ ನೇತಾಡುತ್ತಿತ್ತು, ಸೀಳಿ ಎರಡಾಗಿತ್ತು. ಕ್ಯಾನು ತುಂಬಿ, ನೀರು ಉಕ್ಕಿ, ಸೀಟಿನ ಕೆಳಗೆ ಹರಿಯುತ್ತಿತ್ತು.

ಆಗ ಎಲ್ಲ ತಿಳಿಯಿತು. ಮೊದಲ ವರ್ಷವೇ ತಂತಿಯಲ್ಲಿ ಪೈಪು ಸೀಳಿದ್ದಾರೆ. ಗ್ಯಾರೇಜಿನವನ ಮುಂದೆ ಅಷ್ಟು ಜಂಬ ಕೊಚ್ಚಿದ ಮೇಲೆ ಅವನ ಹತ್ತಿರ ಹೋಗಲು ಮುಖವಿಲ್ಲ. ನನಗೆ ಹೇಳಿದರೆ ನಾನು ನಗುತ್ತೇನೆ. ನಗುತ್ತಿದ್ದೆ, ಸುಳ್ಳಲ್ಲ. ಅದಕ್ಕೆ ಕ್ಯಾನು ಕಟ್ಟಿದರು. ಮಳೆ ಬಂದ ದಿನ ಸಂಜೆ, "ಸ್ಟೆಪ್ನೀಲಿ ಗಾಳಿ ಇದೆಯಾ ನೋಡಿ ಬರ್ತೀನಿ," ಅಂತ ಎದ್ದು ಹೋಗುತ್ತಿದ್ದರು. ಇಷ್ಟು ಸಲ ಗಾಳಿ ನೋಡಿಸಿಕೊಂಡ ಸ್ಟೆಪ್ನಿ ಎಲ್ಲೂ ಇರಲಾರದು. ಹದಿನೈದು ಮಳೆಗಾಲ ಆ ಕ್ಯಾನು ಬಿಚ್ಚಿ, ಚೆಲ್ಲಿ, ಕಟ್ಟಿದ್ದಾರೆ. ಅವರು ಹೋದ ಮೇಲೆ ಚೆಲ್ಲುವವರಿಲ್ಲ.

ಡಿಕ್ಕಿಯಲ್ಲೇ ಕೂತು ಬೈದೆ. ಜೋರಾಗಿಯೇ ಬೈದೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಂದೆ. ಇನ್ನೂ ಏನೇನೋ ಅಂದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ತಲೆ ಹಾಕಿದಳು.

"ಯಾರಿಗೆ ಬೈತಿದೀರ?"

"ನಮ್ಮವರಿಗೆ."

"ಬೈರಿ," ಅಂದು ಒಳಗೆ ಹೋದಳು. ಅವರು ಹೋದ ಮೇಲೆ ನಾನು ಸರಿಯಾಗಿ ಅತ್ತದ್ದು ಅವತ್ತೇ.

ಮಾರನೆಯ ದಿನ ಗ್ಯಾರೇಜಿನವನನ್ನು ಕರೆಸಿದೆ. ಅವನು ತಲೆ ಒಳಗೆ ಹಾಕಿ ನೋಡಿ, ಸೀಳಿದ ಪೈಪನ್ನು ಬೆರಳಲ್ಲಿ ಹಿಡಿದ.

"ಅತ್ತಿಗೆ, ನನ್ನ ಹತ್ರ ಬಂದಿದ್ರೆ ಹತ್ತು ನಿಮಿಷದ ಕೆಲಸ ಇದು."

"ನಿನ್ನ ಹತ್ರ ಬರೋದಕ್ಕಿಂತ ನೀರು ಹೊರೋದು ಸುಲಭ ಅನಿಸಿರಬೇಕು ಅವರಿಗೆ."

"ನಾನು ಆಡಿಕೋತಿದ್ದೆ, ಅದೇನೋ ನಿಜ," ಅಂದು ನಕ್ಕ. ನಕ್ಕವನು ತೋಳಿನಲ್ಲಿ ಮುಖ ಒರೆಸಿಕೊಂಡ. ಹೊಸ ಪೈಪು ಸೇರಿಸಿ, ಹಿಂದಿನ ಚಕ್ರದ ಪಕ್ಕ ಹೊರಗೆ ಬಿಟ್ಟು, ನೀರು ಹೊಯ್ದು ತೋರಿಸಿದ. ಕ್ಯಾನು ಏನು ಮಾಡಲಿ ಅಂತ ಕೇಳಿದ. ಬಿಸಾಡು ಅಂದೆ.

ಕಾರ್ಪೆಟ್ಟು ಕಿತ್ತು ಕಾಂಪೌಂಡಿನ ಮೇಲೆ ಹಾಕಿದೆ. ಸೀಟಿನ ಕೆಳಗೆ ಟೇಬಲ್ ಫ್ಯಾನು ಇಟ್ಟು ಎರಡು ದಿನ ಗಾಳಿ ಬಿಟ್ಟೆ. ಮಳೆ ಮಾತ್ರ ಬರಲಿಲ್ಲ. ಮಗಳು ಹೇಳಿದ್ದು ಮಳೆ ಸುರಿಯಬೇಕು ಅಂತ.

ಭಾನುವಾರ ಬೆಳಿಗ್ಗೆ ಬಂದಳು. ಪೈಪಿನ ಕತೆ ಹೇಳಿದೆ. ಡಿಕ್ಕಿಯ ಒಳಗೆ ಬಗ್ಗಿ ನೋಡಿದಳು. "ಅಪ್ಪ ನನಗೂ ಹೇಳ್ಲಿಲ್ವಲ್ಲ," ಅಂದಳು. ಆದರೆ ನರ್ಸು ಅವಳು, ನೋಡದೆ ನಂಬುವವಳಲ್ಲ. "ಮಳೆ ಬರದೆ ನಾನೇನೂ ಹೇಳಲ್ಲಮ್ಮ. ಗುಜರಿಯವನು ಎರಡು ಗಂಟೆಗೆ ಬರ್ತಾನೆ."

"ಬರ್ಲಿ. ಅಷ್ಟರಲ್ಲಿ ಲೈಬ್ರರಿಯ ಮೂರು ಗಿಡ್ಡ ಕುರ್ಚಿ ಮುಟ್ಟಿಸಿ ಬರೋಣ ನಡಿ."

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಹೊಡೆಯಿತು ಅನ್ನಬೇಕು. ಮುಂದಿನ ರಸ್ತೆ ಕಾಣಲಿಲ್ಲ. ಅವಳು ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಕಾಲು ಗಂಟೆ ಸುರಿಯಿತು. ಅವಳು ಹಿಂದಕ್ಕೆ ತಿರುಗಿ, ಕುರ್ಚಿಗಳ ಸಂದಿಯಲ್ಲಿ ಕೈ ತೂರಿಸಿ ನೆಲ ಮುಟ್ಟಿದಳು. ಕೈ ನೋಡಿಕೊಂಡಳು. ಇನ್ನೊಂದು ಬದಿಗೂ ಮುಟ್ಟಿದಳು. ಇಳಿದು, ನೆನೆಯುತ್ತಲೇ ಹೋಗಿ ಡಿಕ್ಕಿ ತೆಗೆದು ನೋಡಿ ಬಂದಳು. ತಲೆಯಿಂದ ನೀರು ಸೋರುತ್ತಿತ್ತು.

"ಈಗ ಕಾರು ಒದ್ದೆ ಮಾಡ್ತಿರೋಳು ನೀನೇ," ಅಂದೆ.

ಅವಳು ಫೋನು ತೆಗೆದಳು. "ಹಲೋ, ಕಾರು ಒಯ್ಯೋಕೆ ಬರ್ತೀನಿ ಅಂದಿದ್ರಲ್ಲ? ಬರಬೇಡಿ... ಇಲ್ಲ, ಬೇರೆಯವರಿಗೆ ಕೊಡ್ತಿಲ್ಲ. ಕೆಲಸಕ್ಕೆ ಬೇಕು ನಮಗೆ." ಫೋನು ಇಟ್ಟು ನನ್ನ ಸೆರಗಿಗೆ ಕೈ ಚಾಚಿದಳು. ಕೊಟ್ಟೆ. ತಲೆ ಒರೆಸಿಕೊಂಡಳು.

"ಮಳೆ ನಿಂತ ಮೇಲೆ ಹೋಗೋಣ್ವಾ ಅಮ್ಮ?"

"ಬೇಡ. ಲೈಬ್ರರಿ ಹನ್ನೆರಡಕ್ಕೆ ಮುಚ್ಚುತ್ತೆ. ನಿಧಾನಕ್ಕೆ ನಡಿ."