ಕನ್ನಡದಲ್ಲಿ ಕೂಗುತ್ತಿದ್ದ ಕೋಚ್

ಫೈನಲ್ ಸೋತ ದಿನ ನಮ್ಮ ಕೋಚ್ ಮೈದಾನದಲ್ಲೇ ಅತ್ತರೆಂದು ಸಿಂಗಾಪುರದ ಹೌಗಾಂಗ್ ಬಡಾವಣೆಯ ಕನ್ನಡಿಗರು ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರೆಲ್ಲ ಗ್ಯಾಲರಿಯಲ್ಲಿದ್ದರು, ನಾನು ಮೈದಾನದ ಅಂಚಿನಲ್ಲಿದ್ದೆ.

ಜುರಾಂಗ್ ಐಲ್ಯಾಂಡ್‌ನ ತೈಲ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು ಶನಿವಾರಗಳಂದು ನಮ್ಮ ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸುತ್ತಿದ್ದರು. ಜಾರುವ ಬೆಲ್ಟನ್ನು ಮೇಲಕ್ಕೆಳೆದುಕೊಳ್ಳದೆ ಅವರು ಬಾಯಿ ತೆರೆದವರಲ್ಲ. ಎದುರಾಳಿಗಳು ತಂತ್ರ ಕದಿಯಬಾರದೆಂದು ಎಲ್ಲವನ್ನೂ ಕನ್ನಡದಲ್ಲೇ ಕೂಗುತ್ತಿದ್ದರು. "ಇಲ್ಲಿ ಯಾರಿಗೆ ಅರ್ಥ ಆಗುತ್ತೆ ಸಾರ್?" ಎಂಬುದು ಅವರ ನಿತ್ಯದ ಮಾತು.

ಅದು ಕಿರಿಯರ ರಾಷ್ಟ್ರೀಯ ಫೈನಲ್‌ನ ಕೊನೆಯ ಅವಕಾಶ. ಚೆಂಡು ಗೆರೆ ದಾಟಿದರೆ ಕಪ್ ನಮ್ಮದು. ಕೋಚ್ ಬೆಲ್ಟ್ ಎಳೆದುಕೊಂಡು ಕೂಗಿದರು: "ಎಡಕ್ಕೆ ಎಸೆಯೋ ಹಾಗೆ ಮಾಡಿ ಬಲಕ್ಕೆ ಓಡ್ರೋ!"

ಎದುರಾಳಿ ತಂಡವೆಲ್ಲ ಮೋಸಹೋಯಿತು, ಒಬ್ಬನ ಹೊರತು. ಅವನು ನೇರವಾಗಿ ನುಗ್ಗಿ ನಮ್ಮವನನ್ನು ಕೆಡವಿದ; ಆಮೇಲೆ ಹೆಲ್ಮೆಟ್ ತೆಗೆದು, "ಸಾರಿ ಅಂಕಲ್, ನಂಗೂ ಕನ್ನಡ ಬರುತ್ತೆ ಲಾ" ಎಂದ, ಸಿಂಗಾಪುರದ ಹುಡುಗರ ಧಾಟಿಯಲ್ಲೇ.

ಕೋಚ್ ಓಡಿಹೋಗಿ ಅವನ ಎರಡೂ ಕೈ ಹಿಡಿದು ಬಗ್ಗಿದರು. ಗ್ಯಾಲರಿಗೆ ಕಂಡದ್ದು ಅಷ್ಟೇ. ನನಗೆ ಮಾತೂ ಕೇಳಿಸಿತು.

"ಯಾವ ಊರು ಮರಿ ನಿಮ್ದು?"

"ಇಲ್ಲೇ ಬೆಡೋಕ್, ಅಂಕಲ್."

"ಅದಲ್ಲಪ್ಪ, ಊರು ಊರು!"

"ಓ, ಮೈಸೂರು."

ಬಹುಮಾನಕ್ಕಾಗಿ ಮೈಕ್‌ನಲ್ಲಿ ಕರೆಯುತ್ತಿದ್ದರು. ಬೆಲ್ಟ್ ಜಾರುತ್ತಿತ್ತು. ಕೋಚ್ ಅವನ ಕೈ ಬಿಡಲಿಲ್ಲ.

"ಮೈಸೂರಲ್ಲಿ ಎಲ್ಲಿ?"