ಕಪ್ಪೆಯ ಕಾಲು, ಟೀಚರಮ್ಮನ ಮಂಡಿ

ಕಳೆದ ತಿಂಗಳು ಮೂರು ದಿನ ನನ್ನ ಎರಡೂ ಪಾದಗಳನ್ನು ಕರೆಂಟಿಗೆ ಒಪ್ಪಿಸಿ ಕುಳಿತಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ. ಸರದಿಯಲ್ಲಿ ನಿಂತು, ಟೋಕನ್ ಪಡೆದು, ಚಪ್ಪಲಿ ಬಿಟ್ಟು ಕುಳಿತಿದ್ದೆ.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಲ್ಯಾಣ ಮಂಟಪ. ಅಲ್ಲಿ ಉಚಿತ ಪಾದ ಚಿಕಿತ್ಸಾ ಶಿಬಿರ. ಮದುವೆ ಇಲ್ಲದ ತಿಂಗಳಲ್ಲಿ ಮಂಟಪಕ್ಕೂ ಏನಾದರೂ ಕೆಲಸ ಬೇಕಲ್ಲ? ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಪ್ರತಿ ಕುರ್ಚಿಯ ಮುಂದೆ ತೂಕದ ಯಂತ್ರದಂಥ ಒಂದು ಮಷಿನ್. ಪಾದ ಇಟ್ಟರೆ ಅರ್ಧ ಗಂಟೆ ಜುಂ ಎನ್ನುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು, ನಿದ್ದೆ ಬಾರದಿರುವುದು, ಎಲ್ಲಕ್ಕೂ ಅದೇ ಜುಂ. (ಸೊಸೆಯ ಬಾಯಿಗೆ ಮಾತ್ರ ಅದರಲ್ಲಿ ಬಟನ್ ಇರಲಿಲ್ಲ. ಕೇಳಿದವರು ಇದ್ದರು.)

ಹಳೆಯ ಓದುಗರಿಗೆ ನಾನು ಗೊತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮೂಢನಂಬಿಕೆ ಬಗ್ಗೆ ಭಾಷಣ ಸ್ಪರ್ಧೆ ಎಂದರೆ ತಾಲ್ಲೂಕಿಗೆಲ್ಲ ನಾನೇ ತೀರ್ಪುಗಾರ್ತಿ. ಅಂಥವಳು ಅಲ್ಲೇಕೆ ಹೋದಳು? ಚಿತ್ರದುರ್ಗದ ಮೂಳೆ ಡಾಕ್ಟರು ನನ್ನ ಮಂಡಿಗೆ ಎರಡು ಔಷಧ ಹೇಳಿದ್ದರು: ದಿನಾ ವ್ಯಾಯಾಮ ಮಾಡಿ, ತೂಕ ಇಳಿಸಿ. ಇಷ್ಟು ಕ್ರೂರವಾದ ಚಿಕಿತ್ಸೆಯನ್ನು ಯಾರು ತಾನೇ ಸಹಿಸುತ್ತಾರೆ? ಪಕ್ಕದ ಮನೆಯ ಗೌರಮ್ಮ ಬಿ.ದುರ್ಗದ ಕಡೆಯವಳು, ಕುರಿ ಹಿಂಡಿನ ಹಿಂದೆ ನಡೆದು ಮಂಡಿ ಸವೆಸಿಕೊಂಡವಳು. ಶಿಬಿರಕ್ಕೆ ಹೋಗಿ ಬಂದು ಕಾಲು ಹಗುರಾಗೈತೆ ಎಂದಳು. ಸುಮ್ಮನೆ ನೋಡಿಬರೋಣ ಎಂದು ಹೊರಟೆ. ಸುಮ್ಮನೆ ನೋಡಲು ಹೋದವಳು ಕುಳಿತೆ.

ಹಗುರಾದದ್ದು ನಿಜ. ಮನೆಕೆಲಸ ಬಿಟ್ಟು ಅರ್ಧ ಗಂಟೆ ಸುಮ್ಮನೆ ಕುಳಿತರೆ ಯಾವ ಮಂಡಿ ಹಗುರಾಗುವುದಿಲ್ಲ?

ಶಿಬಿರ ನಡೆಸುವವರು ಟೈ ಕಟ್ಟಿದ, ಅರೆನರೆತ ತಲೆಯ ಒಬ್ಬ ಮಹಾಶಯರು. ಜನ ಅವರನ್ನು ಡಾಕ್ಟ್ರೇ ಎನ್ನುತ್ತಿದ್ದರು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನುವ ಅವಸರವನ್ನೂ ತೋರಲಿಲ್ಲ. ಅವರ ಹಿಂದೆ ದೊಡ್ಡ ಬ್ಯಾನರ್. ಅದರಲ್ಲಿ ಇಟಲಿಯ ಒಬ್ಬ ಪುರಾತನ ವಿಜ್ಞಾನಿಯ ಚಿತ್ರ, ಕೆಳಗೆ 'ನೊಬೆಲ್ ಪುರಸ್ಕೃತರು' ಎಂದು ಬರೆದಿತ್ತು. ಪಾಪ, ನೊಬೆಲ್ ಶುರುವಾಗುವ ಹೊತ್ತಿಗೆ ಆತ ತೀರಿಕೊಂಡು ನೂರು ವರ್ಷವಾಗಿತ್ತು. ಸತ್ತ ಕಪ್ಪೆಗೇ ಕರೆಂಟು ಕೊಟ್ಟು ಎಬ್ಬಿಸಿ ನಡೆಸಿದ ಮಹಾನುಭಾವ ಇವರು, ಇನ್ನು ನಿಮ್ಮ ಮಂಡಿ ಯಾವ ಲೆಕ್ಕ ಎಂದು ಮಹಾಶಯರು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನೂ ತಟ್ಟಿದೆ. ಕಪ್ಪೆ ನಡೆಯಲಿಲ್ಲ, ಬರೀ ಕತ್ತರಿಸಿದ ಕಾಲು ಅದುರಿತು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟವಳು ನಾನು. ಆದರೆ ಟೋಕನ್ ಕೈಯಲ್ಲಿತ್ತಲ್ಲ.

ಮೂರನೆಯ ದಿನ ಕುಳಿತಿದ್ದಾಗ ಸಾಲಿನ ಆ ತುದಿಗೆ ಕಣ್ಣು ಹೋಯಿತು. ಚಪ್ಪಲಿ ಬಿಡುತ್ತಿದ್ದವರು ನನ್ನ ಅಕ್ಕನ ಗಂಡ ರುದ್ರಪ್ಪ ಭಾವ. ಚಿಕ್ಕಜಾಜೂರಿನವರು, ರೈಲ್ವೆಯಲ್ಲಿ ಗೇಟ್‌ಮ್ಯಾನ್ ಆಗಿ ರಿಟೈರ್ ಆದವರು. ಕಳೆದ ವರ್ಷ ಎದೆಬಡಿತ ತೀರಾ ನಿಧಾನವಾಗಿ ಎರಡು ಸಲ ಬಿದ್ದಿದ್ದರು. ದಾವಣಗೆರೆಯಲ್ಲಿ ಪೇಸ್‌ಮೇಕರ್ ಹಾಕಿದ್ದರು. ವಿಷಯ ಮನೆಯವರಿಗಷ್ಟೇ ಗೊತ್ತು. ಊರಿಗೆ ತಿಳಿದರೆ ಬ್ಯಾಟ್ರಿ ರುದ್ರಪ್ಪ ಅಂತ ಹೆಸರಿಡುತ್ತಾರೆ ಎಂದು ಅವರಿಗೆ ಭಯ.

ಪೇಸ್‌ಮೇಕರ್ ಇರುವವರು ಇಂಥ ಮಷಿನ್ ಮೇಲೆ ಕಾಲಿಡಬಾರದು. ಹೊರಗಿನ ಕರೆಂಟನ್ನು ಎದೆಯದೇ ಬಡಿತ ಎಂದು ಪೇಸ್‌ಮೇಕರ್ ತಪ್ಪು ತಿಳಿದು ತನ್ನ ಕೆಲಸ ನಿಲ್ಲಿಸಿಬಿಡಬಹುದು. ಇದು ನನಗೆ ಗೊತ್ತಿತ್ತು. ಆ ಕ್ಷಣ ನನ್ನ ಎದೆಯೇ ಒಂದು ಬಡಿತ ತಪ್ಪಿತು. ಬರಿಗಾಲಲ್ಲೇ ಎದ್ದು, ಮಂಡಿನೋವು ಮರೆತು ಓಡಿದೆ. (ಮಂಡಿಗೆ ನಿಜವಾಗಿ ಚಿಕಿತ್ಸೆಯಾದದ್ದು ಆಗಲೇ.) ಅವರ ಒಂದು ಪಾದ ಮಷಿನ್ ಮೇಲಿತ್ತು. ಬಟನ್ ಇನ್ನೂ ಒತ್ತಿರಲಿಲ್ಲ.

"ಭಾವ, ಕಾಲು ತೆಗೀರಿ."

ಅವರು ನನ್ನನ್ನೇ ನೋಡಿದರು. "ಯಾಕವ್ವ? ನೀನು ಕುಂತಿದೀಯ ಅಂತಲೇ ನಾನು ಬಂದಿದ್ದು. ಓದಿದೋಳು, ಗೊತ್ತಿಲ್ದೆ ಕುಂತ್ಕಂತೀಯಾ?"

ಗೌರಮ್ಮ ನನ್ನ ಅಕ್ಕನಿಗೆ ಫೋನ್ ಮಾಡಿ, ಸೈನ್ಸ್ ಟೀಚರೇ ದಿನಾ ಬರುತ್ತಾರೆ ಎಂದು ಹೇಳಿದ್ದಳಂತೆ. ಅಕ್ಕ ಮಾರನೆಯ ದಿನವೇ ಭಾವನನ್ನು ಬಸ್ ಹತ್ತಿಸಿದ್ದಳು. ಆ ಬ್ಯಾನರಿನ ವಿಜ್ಞಾನಿಯನ್ನು ನಂಬಿ ಬಂದವರಲ್ಲ ನಮ್ಮ ಭಾವ. ನನ್ನನ್ನು ನಂಬಿ ಬಂದವರು.

"ಹಸ್ರು ಬಾವುಟ ತೋರ್ಸ್ದೋಳು ನೀನೇ," ಎಂದರು ಮೆಲ್ಲಗೆ. "ಈಗ ಗಾಡಿ ನಿಲ್ಸು ಅಂದ್ರೆ ಹೆಂಗೆ?"

ನಾನೇ ಬಗ್ಗಿ ಅವರ ಪಾದವನ್ನು ಮಷಿನ್ನಿನಿಂದ ಕೆಳಗಿಳಿಸಿದೆ.

ಅಷ್ಟರಲ್ಲಿ ಮಹಾಶಯರು ಬಂದರು. ಹೃದಯದ ತೊಂದರೆ ಇದೆಯಾ ಎಂದು ಯಾರನ್ನೂ ಏಕೆ ಕೇಳುತ್ತಿಲ್ಲ ಎಂದೆ. ಮಷಿನ್ನಿನ ಪುಸ್ತಕ ತರಿಸಿದೆ. ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಎಲ್ಲ ಬರೆದಿತ್ತು: ಪೇಸ್‌ಮೇಕರ್ ಇದ್ದವರು, ಬಸುರಿಯರು ಬಳಸಬಾರದು. ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ಅದೆಲ್ಲ ಕಂಪನಿಯವರು ಸುಮ್ಮನೆ ಹಾಕಿರುತ್ತಾರೆ ಮೇಡಂ ಎಂದರು ಮಹಾಶಯರು. ಜನ ಯಾರ ಕಡೆ ನಿಂತರು? ಮಷಿನ್ ಕಡೆ. ತಾವು ಮೂರು ದಿನ ಕುಳಿತು ಈಗ ಬೇರೆಯವರಿಗೆ ಬೇಡ ಅಂತೀರಲ್ಲ ಎಂದು ಒಬ್ಬಾಕೆ ಕೇಳಿದಳು. ನ್ಯಾಯವಾದ ಪ್ರಶ್ನೆ.

ಆಗ ಭಾವ ಎದ್ದು ನಿಂತರು. ಒಂದು ವರ್ಷ ಯಾರಿಗೂ ತೋರಿಸದ್ದನ್ನು ತೋರಿಸಿದರು. ಶರ್ಟಿನ ಮೇಲಿನ ಗುಂಡಿಗಳನ್ನು ಬಿಚ್ಚಿ, ಎಡಭುಜದ ಕೆಳಗೆ ಚರ್ಮದಡಿ ಉಬ್ಬಿದ್ದ ಪುಟ್ಟ ಡಬ್ಬಿಯ ಮೇಲೆ ಬೆರಳಿಟ್ಟರು.

"ನಂದೂ ಕರೆಂಟಿಂದೇ. ಒಳಗಡೆ ಐತೆ. ಎಷ್ಟು ಬೇಕೋ ಅಷ್ಟೇ ಕೊಡ್ತೈತೆ. ಟೀಚರ್ ಹೇಳ್ತಿರದು ಸುಳ್ಳಲ್ಲ."

ಮಷಿನ್‌ಗಳು ಜುಂ ಎನ್ನುತ್ತಲೇ ಇದ್ದವು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿಯ ದನಿ ಬಂತು:

"ಅದನ್ನ ಎಲ್ಲಿ ಫ್ರೀಯಾಗಿ ಹಾಕ್ತಾರಪ್ಪ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾವ ನಕ್ಕರು. ನಾನೂ ನಕ್ಕೆ. ಆಮೇಲೆ ಅವರನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿದೆ.

ಪ್ರಾಣಿಯ ದೇಹದೊಳಗೇ ವಿದ್ಯುತ್ ಇದೆ ಎಂದವನು ಆ ಇಟಲಿಯವನು. ಅಲ್ಲ, ಕಪ್ಪೆಯನ್ನು ಮುಟ್ಟಿದ ಲೋಹದಿಂದ ಬಂತು ಎಂದು ಅವನ ದೇಶದವನೇ ಇನ್ನೊಬ್ಬ ಜಗಳ ತೆಗೆದ. ಆ ಹಟದಲ್ಲೇ ಬ್ಯಾಟರಿ ಹುಟ್ಟಿತು. ಇಬ್ಬರ ಜಗಳವೂ ಈಗ ಭಾವನ ಎದೆಯಲ್ಲಿ ರಾಜಿಯಾಗಿ ಟಿಕ್ ಟಿಕ್ ಎನ್ನುತ್ತಿದೆ. ಆದರೆ ಕಪ್ಪೆಯ ವಿಜ್ಞಾನಿಗೆ ಒಬ್ಬ ಸೋದರಳಿಯನೂ ಇದ್ದ. ಅವನು ಊರೂರು ಸುತ್ತಿ, ಹೆಣಗಳಿಗೆ ಕರೆಂಟು ಕೊಟ್ಟು ಮುಖ ಸೊಟ್ಟ ಮಾಡಿಸಿ ಜನರಿಗೆ ತೋರಿಸಿದ. ಮಾವನ ಕೆಲಸ ಇ.ಸಿ.ಜಿ. ಆಗಿ ಆಸ್ಪತ್ರೆ ಸೇರಿತು. ಅಳಿಯನ ಕೆಲಸ ಟೈ ಕಟ್ಟಿಕೊಂಡು ಕಲ್ಯಾಣ ಮಂಟಪ ಸೇರಿತು. ಇ.ಸಿ.ಜಿ. ಕೋಣೆಯ ಮುಂದೆ ನಾವು ಮುಖ ಗಂಟಿಕ್ಕಿ ಕೂರುತ್ತೇವೆ. ಚಪ್ಪಾಳೆ ತಟ್ಟುವುದು ಎಲ್ಲಿ?

ಶಿಬಿರ ಮುಚ್ಚಲಿಲ್ಲ. ಗೋಡೆಗೆ ಒಂದು ಚೀಟಿ ಅಂಟಿಸಿದರು, ಹೃದಯದ ಸಾಧನ ಇರುವವರು ಕೂರುವಂತಿಲ್ಲ ಎಂದು. ಅದು ಭಾವನ ಗೆಲುವು. ಅವರನ್ನು ಚಿಕ್ಕಜಾಜೂರಿನಲ್ಲಿ ಈಗ ನಿಜವಾಗಿಯೂ ಬ್ಯಾಟ್ರಿ ರುದ್ರಪ್ಪ ಎನ್ನುತ್ತಾರೆ. ಕರೆದವರನ್ನೆಲ್ಲ ನಿಲ್ಲಿಸಿ, ತಲೆಸುತ್ತು ಬಂದರೆ ಮೊದಲು ಇ.ಸಿ.ಜಿ. ಮಾಡ್ಸ್ಕಳ್ರಿ ಎನ್ನುತ್ತಾರಂತೆ. ಮೂವತ್ತು ವರ್ಷದಲ್ಲಿ ನಾನು ಕಲಿಸಿದ್ದಕ್ಕಿಂತ ಅವರು ಎರಡು ವಾರದಲ್ಲಿ ಹೆಚ್ಚು ಕಲಿಸಿದ್ದಾರೆ.

ಶಿಬಿರ ಈಗ ಹೊಸದುರ್ಗಕ್ಕೆ ಹೋಗಿದೆ. ಅಲ್ಲಿನ ಹೊಸ ಬ್ಯಾನರಿನಲ್ಲಿ ನಾನಿದ್ದೇನಂತೆ. ಮೊದಲ ದಿನ ಯಾರೋ ತೆಗೆದ ಫೋಟೋ, ಕಣ್ಣು ಮುಚ್ಚಿ ಆನಂದದಲ್ಲಿ ಕುಳಿತದ್ದು, ಕೆಳಗೆ 'ವಿಜ್ಞಾನ ಶಿಕ್ಷಕಿಯ ಮೆಚ್ಚುಗೆ'. ತೆಗೆಯಿರಿ ಎಂದು ಫೋನ್ ಮಾಡಿದರೆ ಆ ಕಡೆಯವರು ಎತ್ತುತ್ತಿಲ್ಲ.

ಹೊಸದುರ್ಗದ ಓದುಗರೇ, ಆ ಟೀಚರಮ್ಮನನ್ನು ದಯವಿಟ್ಟು ನಂಬಬೇಡಿ.